ಅಳತೆ ಬಟ್ಟಲಿನ ಚಳಿಗಾಲ

ಈ ಜನವರಿಯಲ್ಲಿ ಅಹಮದಾಬಾದಿಗೆ ಹೋದಾಗ ಬೋಡಕ್‌ದೇವ್‌ನಲ್ಲಿರುವ ಹಳೆಯ ಸಹೋದ್ಯೋಗಿಯೊಬ್ಬರ ಮನೆಗೆ ಊಟಕ್ಕೆ ಹೊರಟಿದ್ದೆ. ಅವರೂ ಜೊತೆಗಿದ್ದರು. ಲಿಫ್ಟು ನಡುವಿನ ಯಾವುದೋ ಮಹಡಿಯಲ್ಲಿ ನಿಂತು ಬಾಗಿಲು ತೆರೆಯಿತು. ಯಾರೂ ಹತ್ತಲಿಲ್ಲ, ಒಂದು ವಾಸನೆ ಮಾತ್ರ ಹತ್ತಿತು. ತುಪ್ಪದಲ್ಲಿ ಅಂಟು ಹುರಿಯುವ ವಾಸನೆ. ನಮ್ಮ ಗದಗ ಕಡೆ ಬಾಣಂತಿಯರಿಗೆ ಉಂಡಿ ಕಟ್ಟಿಕೊಡುವ ಅದೇ ಅಂಟು. ಗುಜರಾತಿನಲ್ಲಿ ಗುಂದರ್ ಎನ್ನುತ್ತಾರೆ. ಆ ಮಹಡಿಯ ಯಾವುದೋ ಮನೆಯಲ್ಲಿ ಕೂಸು ಹುಟ್ಟಿದೆ ಎಂದು ಮೂಗಿಗೇ ಗೊತ್ತಾಯಿತು. ಬೇರೆಯವರಿಗಾದರೆ ಬಾಯಲ್ಲಿ ನೀರು ಬರುತ್ತದೆ. ನನಗೆ ಕಿವಿ ಬಿಸಿಯಾಗುತ್ತದೆ.

"ಬಿಪಿ ಏನಾದರೂ ಇದೆಯಾ ನಿಮಗೆ? ಮುಖ ಕೆಂಪಗಾಗಿದೆ," ಎಂದರು ಸಹೋದ್ಯೋಗಿ.

ಬಿಪಿ ಇದೆ ಎಂದುಬಿಟ್ಟೆ. ನಾಚಿಕೆ ಎಂದು ಹೇಳುವುದಕ್ಕಿಂತ ಅದು ಸುಲಭ. ಆಮೇಲೆ ರಾತ್ರಿ, ಹೇಳಿದ್ದೇ ನಿಜವಾಗಿದ್ದರೆ ಎಂದು ಚಿಂತೆ ಹತ್ತಿ, ಮರುದಿನ ಔಷಧದ ಅಂಗಡಿಯಲ್ಲಿ ಬಿಪಿ ನೋಡಿಸಿಕೊಂಡೆ. ಸರಿಯಾಗಿತ್ತು. ನನ್ನ ಸ್ವಭಾವವೇ ಹೀಗೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ಮರಳಿದವನು, ಮರಳಿ ನೋಡಿ ಬಂದಮೇಲೆ ಬೀಗ ಹಾಕಿದೆನೋ ಇಲ್ಲವೋ ಎಂದು ಮತ್ತೆ ಮರಳಿದವನು.

ಕೆಲವು ವರ್ಷಗಳ ಹಿಂದಿನ ಮಾತು. ಕೇಂದ್ರ ಸರ್ಕಾರದ ಅಂಕಿಸಂಖ್ಯೆಯ ಇಲಾಖೆಯಿಂದ ವಡೋದರಾಕ್ಕೆ ವರ್ಗವಾಗಿ ಬಂದ ನನ್ನನ್ನು ಒಂದು ಆರೋಗ್ಯ ಸಂಶೋಧನೆಗೆ ಎರವಲು ಕೊಟ್ಟಿದ್ದರು. ತುಟಿ ಸೀಳಿ ಹುಟ್ಟುವ, ಬೆನ್ನುಹುರಿ ಪೂರ್ತಿ ಮುಚ್ಚದೆ ಹುಟ್ಟುವ ಕೂಸುಗಳ ತಾಯಂದಿರು ಬಸುರಿನಲ್ಲಿ ಏನು ಉಣ್ಣುತ್ತಿದ್ದರು, ಅಂಥ ತೊಂದರೆ ಇಲ್ಲದ ಕೂಸುಗಳ ತಾಯಂದಿರು ಏನು ಉಣ್ಣುತ್ತಿದ್ದರು ಎಂದು ಮನೆಮನೆಗೆ ಹೋಗಿ ಕೇಳಿ, ಎರಡನ್ನೂ ಹೋಲಿಸಿ ನೋಡುವ ಕೆಲಸ. ಅಹಮದಾಬಾದು, ಸೂರತ್, ವಡೋದರಾ ಮೂರೂ ಕಡೆ ನಡೆಯುತ್ತಿತ್ತು. ಕೇಳುವ ಪ್ರಶ್ನೆಗಳನ್ನು ಜೋಡಿಸಿದ್ದು ನಾನು. ಬಂದ ಉತ್ತರಗಳನ್ನು ಸೋಸಿ ಕಂಪ್ಯೂಟರಿಗೆ ಉಣಿಸುವುದೂ ನನ್ನದೇ ಕೆಲಸ. ಮನೆಗಳಿಗೆ ಹೋಗುವುದು ನನ್ನ ಪಾಲಿಗೆ ಇರಲಿಲ್ಲ, ಅದಕ್ಕೆ ದೇವರಿಗೆ ಕೈಮುಗಿದಿದ್ದೆ.

ನನ್ನನ್ನು ಅಲ್ಲಿ ಹಾಕಿದವರಿಗೆ ಗೊತ್ತಿರದ ಸಂಗತಿ ಒಂದಿತ್ತು. ನಾನೇ ತುಟಿ ಸೀಳಿ ಹುಟ್ಟಿದ ಕೂಸು. ಹುಬ್ಬಳ್ಳಿಯ ದವಾಖಾನೆಯಲ್ಲಿ ಯಾರೋ ಡಾಕ್ಟರು ಗೋಣಿಚೀಲದ ಬಾಯಿ ಹೊಲಿದ ಹಾಗೆ ಹೊಲಿದಿದ್ದರು. ಮುಖದಲ್ಲಿ ಕೂದಲು ಮೂಡಿದ ಮೊದಲ ದಿನದಿಂದ ನಾನು ಮೀಸೆ ಬಿಟ್ಟವನಲ್ಲ, ಕಟ್ಟಿದವನು. ಗೆರೆಯ ಮೇಲೆ ಕೂದಲು ಬರುವುದಿಲ್ಲವಾದ್ದರಿಂದ ಪಕ್ಕದ ಕೂದಲನ್ನು ಅದರ ಮೇಲೆ ಬಾಚಬೇಕು, ಬೋಳುತಲೆಯವರು ಮಾಡುವ ಹಾಗೆ. ನಮ್ಮ ಊರಲ್ಲಿ ನನಗೆ ಗ್ರಹಣದ ಕೂಸು ಎಂದೇ ಹೆಸರು. ಬಸುರಿನಲ್ಲಿದ್ದಾಗ ಗ್ರಹಣದ ಹೊತ್ತಿಗೆ ಅವ್ವ ಬದನೆಕಾಯಿ ಹೆಚ್ಚಿದಳು, ಅದಕ್ಕೇ ಹೀಗಾಯಿತು ಎಂದು ನಮ್ಮಜ್ಜಿ ಓಣಿಗೆಲ್ಲ ಸಾರಿದ್ದಳು. ಅವ್ವ ಅದಕ್ಕೆ ಹೌದು ಎಂದದ್ದನ್ನೂ ಕೇಳಲಿಲ್ಲ, ಅಲ್ಲ ಎಂದದ್ದನ್ನೂ ಕೇಳಲಿಲ್ಲ. ಆ ಚಳಿಗಾಲದಲ್ಲಿ ಅವ್ವ ವಡೋದರಾದಲ್ಲಿ ನಮ್ಮ ಜೊತೆಗೇ ಇದ್ದಳು, ಮಾಂಜಲಪುರದ ಬಾಡಿಗೆ ಮನೆಯಲ್ಲಿ. ನಾನು ಯಾವ ವಿಷಯದ ಸಂಶೋಧನೆಯಲ್ಲಿದ್ದೇನೆ ಎಂದು ಅವಳಿಗೆ ಹೇಳಿರಲಿಲ್ಲ. "ಆಫೀಸಿಂದು ಲೆಕ್ಕದ ಕೆಲಸ" ಎಂದಿದ್ದೆ.

ದೀಪಾವಳಿ ಕಳೆದು ಚಳಿ ಹಿಡಿಯುವ ಹೊತ್ತಿಗೆ ವಡೋದರಾದ ಉತ್ತರಗಳನ್ನು ನೋಡಿ ನನಗೆ ದಿಗಿಲಾಯಿತು. ನಮ್ಮ ತಾಯಂದಿರೆಲ್ಲ ದಿನಾ ಸೊಪ್ಪು ತಿನ್ನುತ್ತಿದ್ದರು, ದಿನಾ ಹಾಲು ಕುಡಿಯುತ್ತಿದ್ದರು, ಹಣ್ಣು ಬಿಟ್ಟವರೇ ಇಲ್ಲ. ಆ ಊಟವನ್ನು ನಂಬುವುದಾದರೆ ಅವರೆಲ್ಲ ನನಗಿಂತ, ನಮ್ಮ ಮುಖ್ಯಸ್ಥೆಯಾದ ಅಹಮದಾಬಾದಿನ ಡಾಕ್ಟರ್ ಮೇಡಂಗಿಂತ ಚೆನ್ನಾಗಿ ಉಣ್ಣುವವರು. ಮೇಡಂ ಫೋನಿನಲ್ಲಿ, "ನೀವೇ ಒಮ್ಮೆ ಹೋಗಿ ನೋಡಿ," ಎಂದರು. ಹೀಗೆ ನಾನು ಹೇತಲಳ ಸ್ಕೂಟರಿನ ಹಿಂದೆ ಕೂತೆ.

ಹೇತಲ್ ನಮ್ಮಲ್ಲಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಹುಡುಗಿ. ಚೂಪು ಬಾಯಿಯವಳು, ನನ್ನೊಡನೆ ಹಿಂದಿಯಲ್ಲಿ ಮಾತಾಡುತ್ತಿದ್ದಳು. ಅವಳ ಚೀಲದಲ್ಲಿ ಯಾವಾಗಲೂ ಸ್ಟೀಲಿನ ಬಟ್ಟಲುಗಳ ಒಂದು ಜೋಡಣೆ ಇರುತ್ತಿತ್ತು, ಚಿಕ್ಕದರಿಂದ ದೊಡ್ಡದರ ತನಕ, ಒಂದರೊಳಗೊಂದು. ಅವು ಉಣ್ಣುವ ಬಟ್ಟಲುಗಳಲ್ಲ, ಅಳತೆಯವು. ದಾಲ್ ಎಷ್ಟು ತಿಂದಿರಿ ಎಂದು ಕೇಳಿದರೆ ಯಾರೂ ಹೇಳಲಾರರು. ಬಟ್ಟಲುಗಳನ್ನು ಸಾಲಾಗಿ ಇಟ್ಟು ಇದರಲ್ಲಿ ಯಾವುದರಷ್ಟು ಎಂದು ಕೇಳಿದರೆ ಬೆರಳು ತೋರಿಸುತ್ತಾರೆ.

"ಸರ್, ಗಟ್ಟಿಯಾಗಿ ಹಿಡ್ಕೊಳ್ಳಿ. ನೀವು ಬಿದ್ದರೆ ನಾನು ಯಾವ ಅರ್ಜಿ ತುಂಬಬೇಕೋ ಗೊತ್ತಿಲ್ಲ," ಎಂದಳು ಹೇತಲ್.

ಮಕರಪುರದ ಕಾರ್ಖಾನೆಗಳ ಹಿಂದಿನ ಓಣಿಯೊಂದರಲ್ಲಿ ಆ ಮನೆ. ಹಗಲೆಲ್ಲ ಲೇಥ್ ಯಂತ್ರಗಳ ಕಿರುಗುಟ್ಟುವಿಕೆ, ಮೋಟಾರ್ ವೈಂಡಿಂಗ್ ಅಂಗಡಿಗಳಿಂದ ವಾರ್ನಿಷ್ ವಾಸನೆ. ಮನೆಯ ಮಗ ಮಹೇಶ್ ಅಂಥದೇ ಒಂದು ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುವವನು. ಅವನ ಹೆಂಡತಿ ಭಾವಿಕಾ, ಇನ್ನೂ ಕಾಲೇಜಿಗೆ ಹೋಗುವ ಹುಡುಗಿಯಂತೆ ಕಾಣುತ್ತಿದ್ದಳು, ತೊಡೆಯ ಮೇಲೆ ಸೀಳಿದ ತುಟಿ ಕಾಣದಂತೆ ಬಟ್ಟೆ ಮುಸುಕಿದ ಗಂಡುಕೂಸು. ಅತ್ತೆ ಕೋಕಿಲಾಬೆನ್ ಮುಂದಿನ ಪಡಸಾಲೆಯ ಕಬ್ಬಿಣದ ಉಯ್ಯಾಲೆಯ ಮೇಲೆ ಕೂತಿದ್ದರು. ಪ್ರಶ್ನೋತ್ತರವೂ ಅಲ್ಲೇ ನಡೆಯಿತು.

"ಸೊಪ್ಪು ವಾರಕ್ಕೆ ಎಷ್ಟು ಸಲ ತಿಂತಿದ್ರಿ, ಬೆನ್?" ಎಂದು ಹೇತಲ್ ಭಾವಿಕಾಳನ್ನು ಕೇಳಿದಳು.

"ದಿನಾ," ಎಂದರು ಕೋಕಿಲಾಬೆನ್.

"ಹಾಲು?"

"ದಿನಾ. ಹಾಲು ಬೇಡ ಅಂತ ನಾನು ಇವಳಿಗೆ ಯಾವತ್ತಾದರೂ ಅಂದಿದೀನಾ, ಹೇಳಲಿ."

ಭಾವಿಕಾ ಇಲ್ಲವೆಂದು ತಲೆಯಾಡಿಸಿದಳು. ಹೇತಲ್ ಬಟ್ಟಲುಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟಳು. ಭಾವಿಕಾಳ ಬೆರಳು ಚಿಕ್ಕ ಬಟ್ಟಲಿನ ಕಡೆ ಹೊರಟಿತು, ಉಯ್ಯಾಲೆ ಕಿರುಗುಟ್ಟಿತು, ಬೆರಳು ಹಾಗೇ ಗಾಳಿಯಲ್ಲಿ ದಾರಿ ಬದಲಿಸಿ ಎಲ್ಲಕ್ಕಿಂತ ದೊಡ್ಡದರ ಮೇಲೆ ಇಳಿಯಿತು. ನನ್ನ ಕಂಪ್ಯೂಟರಿನ ಪಾಲಕ್, ಹಾಲು, ಹಣ್ಣು ಎಲ್ಲ ಎಲ್ಲಿಂದ ಬಂದವು ಎಂದು ಅಲ್ಲಿ ಕಂಡೆ. ಅತ್ತೆಯ ಮುಂದೆ ಕೂತ ಸೊಸೆಗೆ ನಿನಗೆ ಊಟ ಹಾಕುತ್ತಾರೇನಮ್ಮ ಎಂದು ಕೇಳುತ್ತಿದ್ದೆವು ನಾವು, ವೈಜ್ಞಾನಿಕವಾಗಿ.

ಆಮೇಲೆ ಬಂದದ್ದು ಮಾತ್ರೆಯ ಪ್ರಶ್ನೆ. ಬಸುರು ನಿಲ್ಲುವ ಮೊದಲು, ಅಥವಾ ಮೊದಲ ಎರಡು ತಿಂಗಳಲ್ಲಿ ಫೋಲಿಕ್ ಆಸಿಡ್ ಮಾತ್ರೆ ತಗೊಂಡಿದ್ದಿರಾ? ಇದಕ್ಕೆ ಉತ್ತರ ಕೋಕಿಲಾಬೆನ್‌ಗೆ ಗೊತ್ತಿರಲಿಲ್ಲ. ಮೊದಲ ಸಲ ಅವರು ಸೊಸೆಯ ಕಡೆ ನೋಡಿದರು.

"ಇಲ್ಲ," ಎಂದಳು ಭಾವಿಕಾ.

ಇಲ್ಲವಾದರೆ ಯಾಕೆ ಎಂಬ ಮರುಪ್ರಶ್ನೆ ನಾನೇ ಇಟ್ಟದ್ದು. ಹೇತಲ್ ಕೇಳಿದಳು.

"ಗೊತ್ತಿರಲಿಲ್ಲ. ಮೂರು ತಿಂಗಳು ತುಂಬೋ ತನಕ ಯಾರಿಗೂ ಹೇಳಬಾರದು, ದೃಷ್ಟಿಯಾಗುತ್ತೆ ಅಂತ ಬಾ ಹೇಳಿದ್ರು. ಅದಕ್ಕೇ ಆಸ್ಪತ್ರೆಗೂ ಆಮೇಲೇ ಹೋದದ್ದು."

ಬಾ ಎಂದರೆ ಗುಜರಾತಿಯಲ್ಲಿ ಅವ್ವ, ಇಲ್ಲಿ ಅತ್ತೆಯೇ. ನನಗೆ ಆದ ಸಂತೋಷವನ್ನು ಈಗ ನೆನೆದರೆ ಮುಖ ಎಲ್ಲಿಡಲಿ ಎನಿಸುತ್ತದೆ. ಇಡೀ ವಡೋದರಾದಿಂದ ಬಂದ ಮೊದಲ ನಿಜವಾದ ಉತ್ತರ ಅದು. ತುಟಿ ಕೂಡುವುದು ಬಸುರಿನ ಮೊದಲ ಎರಡು ತಿಂಗಳೊಳಗೆ. ಯಾರಿಗೂ ಹೇಳಬಾರದ ತಿಂಗಳುಗಳೂ ಅವೇ. ಎಂಥ ಚೆಂದದ ಮಾಹಿತಿ ಎಂದು ಮನಸ್ಸಿನಲ್ಲೇ ಕುಣಿದೆ.

ಕೋಕಿಲಾಬೆನ್ ನನ್ನ ಕಡೆ ತಿರುಗಿದರು. "ಸಾಹೇಬ್, ಇವಳು ಗ್ರಹಣದ ದಿನ ಸೀರೆಗೆ ಫಾಲ್ ಹೊಲೀತಾ ಕೂತಿದ್ದಳು, ಅದಕ್ಕೇ ಹೀಗಾಯ್ತು ಅಂದ್ಕೊಂಡಿದ್ದೆ. ಗ್ರಹಣ ಅಲ್ವಾ?"

"ಅಲ್ಲ ಬೆನ್. ಗ್ರಹಣಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ." ಈ ಮಾತನ್ನು ಒಂದು ಗುಜರಾತಿ ಪದವೂ ತಪ್ಪದ ಹಾಗೆ ಹೇಳಿದೆ. ಸತ್ತುಹೋದ ನಮ್ಮಜ್ಜಿಗೆ ಉತ್ತರ ಕೊಟ್ಟಷ್ಟು ಗೆಲುವಾಯಿತು.

"ಹಾಗಾದ್ರೆ ಮಾತ್ರೆ," ಎಂದರು ಅವರು.

ಹೇತಲ್ ಕೂಡಲೇ, "ಹಾಗಲ್ಲ ಬಾ, ಕಾರಣ ಹಲವು ಇರುತ್ತೆ, ಯಾರದೂ ತಪ್ಪಲ್ಲ," ಎಂದಳು. ಆದರೆ ಹಲವು ಕಾರಣ ಎನ್ನುವುದು ಯಾರೂ ಕೈಯಲ್ಲಿ ಹಿಡಿಯಬಹುದಾದ ಉತ್ತರವಲ್ಲ. ಕೋಕಿಲಾಬೆನ್ ಸೊಸೆಯನ್ನು ನೋಡಿದ ರೀತಿ ಬದಲಾಗಿತ್ತು. ಗ್ರಹಣ ಆಕಾಶದ್ದು, ಬಂತು, ಹೋಯಿತು, ಯಾರೇನು ಮಾಡಲಾದೀತು ಎಂದು ಒಂದಲ್ಲ ಒಂದು ದಿನ ಕೈಬಿಡಬಹುದಿತ್ತು. ಮಾತ್ರೆ ಹಾಗಲ್ಲ. ನುಂಗಬೇಕಿತ್ತು, ನುಂಗಲಿಲ್ಲ.

ನಾಲ್ಕಾರು ದಿನ ಕಳೆದು ಹೇತಲ್ ನನ್ನ ಟೇಬಲ್ಲಿನ ಮುಂದೆ ಬಂದು ನಿಂತಳು. "ಸರ್, ಭಾವಿಕಾನ ತವರಿಗೆ ಕಳಿಸ್ತಾರಂತೆ. ಉತ್ತರಾಯಣಕ್ಕೆ ಮುಂಚೆ."

ಉತ್ತರಾಯಣ ಎಂದರೆ ನಮ್ಮ ಸಂಕ್ರಮಣ, ಅಲ್ಲಿ ಇಡೀ ಊರು ಗಾಳಿಪಟ ಹಿಡಿದು ಮಹಡಿ ಹತ್ತುವ ಹಬ್ಬ. ನೆಂಟರೆಲ್ಲ ಬರುತ್ತಾರೆ. ಕೂಸಿನ ಮುಖ ನೋಡುತ್ತಾರೆ. ಅದಕ್ಕೆ ಮೊದಲು ತಾಯಿ ಮಗು ಎರಡನ್ನೂ ಕಣ್ಣಿಗೆ ಬೀಳದ ಹಾಗೆ ಕಳಿಸುವುದು ಅವರ ಲೆಕ್ಕ. ಭಾವಿಕಾಳ ತವರು ಬೋಡೇಲಿಯಿಂದಲೂ ಆಚೆ. ಕೂಸಿಗೆ ತೂಕ ಬಂದಮೇಲೆ ಆಸ್ಪತ್ರೆಯವರು ತುಟಿ ಹೊಲಿಯುತ್ತೇವೆ ಎಂದಿದ್ದರು. ಅಲ್ಲಿಯವರೆಗೆ ಮತ್ತೆ ಮತ್ತೆ ತೋರಿಸುತ್ತಿರಬೇಕು. ಅಷ್ಟು ದೂರದಿಂದ ಯಾರು ಕರೆತಂದಾರು? ಮೇಲಾಗಿ, ಹಾಗೆ ಕಳಿಸಿದವಳನ್ನು ಮರಳಿ ಕರೆಸಿಕೊಳ್ಳುವುದು ಬಿಡುವುದು ಗಂಡನ ಮನೆಯವರ ಇಷ್ಟ.

"ಕಾರಣ ಏನು ಹೇಳ್ತಾರೆ?" ಎಂದು ಕೇಳಿದೆ, ಉತ್ತರ ಗೊತ್ತಿದ್ದೂ.

"ಮಾತ್ರೆ ತಗೊಳ್ದೆ ಮಗು ಹಾಳು ಮಾಡಿದಳು, ಸರ್ಕಾರದ ಸಾಹೇಬರೇ ಹೇಳಿದ್ದಾರೆ ಅಂತಾರೆ ಸರ್."

ಅವತ್ತು ಮನೆಯಲ್ಲಿ ರೊಟ್ಟಿ ಮುರಿದು ಹಾಗೇ ಕೂತಿದ್ದೆ. ನನ್ನ ಹೆಂಡತಿ ಸುಮಾ, "ಏನಾತ್ರಿ? ಮತ್ತ ಗ್ಯಾಸ್ ಚಿಂತಿ ಏನು? ಇಲ್ಲೇ ಅದ ನೋಡ್ರಿ ಗ್ಯಾಸು," ಎಂದಳು. ನಗುವ ಬದಲು ಎಲ್ಲ ಹೇಳಿಬಿಟ್ಟೆ. ಅಡಿಗೆಮನೆಯ ಬಾಗಿಲಲ್ಲಿ ನಿಂತ ಅವ್ವ ಕೇಳಿಸಿಕೊಂಡಳು. ಲೆಕ್ಕದ ಕೆಲಸ ಎಂದು ನಾನು ಹೇಳಿದ್ದರ ಒಳಗೆ ಏನಿದೆ ಎಂದು ಅವಳಿಗೆ ಅವತ್ತು ಗೊತ್ತಾಯಿತು. ಮರುದಿನ ನಾನು ಆಫೀಸಿನಿಂದ ಬರುವಾಗ ಮೆಟ್ಟಿಲಿಗೇ ಅಂಟಿನ ವಾಸನೆ ಬರುತ್ತಿತ್ತು. ಕೊಬ್ಬರಿ, ಉತ್ತತ್ತಿ, ಬೆಲ್ಲ ಹಾಕಿ ಉಂಡಿ ಕಟ್ಟಿದ್ದಳು.

"ಆ ಬಾಣಂತಿ ಮನಿಗೆ ನನ್ನ ಕರಕೊಂಡು ಹೋಗು."

"ಅವ್ವಾ, ಹಂಗ ಬರಂಗಿಲ್ಲ. ಸಂಶೋಧನಾಕ್ಕ ನಿಯಮ ಇರ್ತಾವು."

"ಇರಲಿ. ನಾ ಏನ್ ಸಂಶೋಧನಾ ಮಾಡಾಕ ಬರಾಕತ್ತಿಲ್ಲ."

ನಿಯಮ ನಿಜವಾಗಿಯೂ ಇದ್ದವು. ಮಾಹಿತಿ ಕೊಡುವವರ ಮನೆಗೆ ಸ್ವಂತ ತಾಯಿಯನ್ನು ಉಂಡಿಯ ಡಬ್ಬಿ ಸಮೇತ ಒಯ್ಯಬಹುದು ಎಂದು ಯಾವ ನಿಯಮದಲ್ಲೂ ಇರಲಿಲ್ಲ. ಆದರೆ ಹೇತಲ್‌ಗೆ ಈ ಯೋಚನೆ ಹಿಡಿಸಿಬಿಟ್ಟಿತು. "ನಿಮ್ಮ ಬಾ ಹೊರಗೆ ಅತ್ತೆ ಜೊತೆ ಮಾತಾಡ್ತಾ ಕೂತಿರಲಿ ಸರ್. ನಾನು ಒಳಗೆ ಭಾವಿಕಾನ ಒಬ್ಬಳನ್ನೇ ಕೂಡಿಸಿಕೊಂಡು ಮತ್ತೊಮ್ಮೆ ಕೇಳ್ತೀನಿ."

"ಅವ್ವಗ ಗುಜರಾತಿ ಬರಲ್ಲ. ಆಯಮ್ಮಂಗೆ ಕನ್ನಡ ಬರಲ್ಲ."

"ಇನ್ನೂ ಒಳ್ಳೇದು. ಹೊತ್ತು ಹೋಗುತ್ತೆ."

ಹೀಗೆ ಸಂಕ್ರಮಣಕ್ಕೆ ಸ್ವಲ್ಪ ಮೊದಲು ಒಂದು ಮಧ್ಯಾಹ್ನ ಕೋಕಿಲಾಬೆನ್‌ರ ಉಯ್ಯಾಲೆಯ ಮೇಲೆ ಇಬ್ಬರು ಅತ್ತೆಯರು ಅಕ್ಕಪಕ್ಕ ಕೂತರು. ಎದುರಿಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ದುಭಾಷಿ ನಾನು. ಹೇತಲ್ ಭಾವಿಕಾಳನ್ನು ಒಳಗೆ ಕರೆದೊಯ್ದಿದ್ದಳು. ಕೂಸು ಅವ್ವನ ತೊಡೆಯ ಮೇಲಿತ್ತು. ಕೇಳದೆಯೇ ಎತ್ತಿಕೊಂಡು, ಮುಸುಕಿದ ಬಟ್ಟೆಯನ್ನೂ ತೆಗೆದುಬಿಟ್ಟಿದ್ದಳು.

ಡಬ್ಬಿ ತೆರೆದೊಡನೆ ಕೋಕಿಲಾಬೆನ್ ಮೂಗರಳಿಸಿದರು. "ಗುಂದರ್," ಎಂದರು. ಆಮೇಲೆ ಬೇರೆ ಕಡೆ ನೋಡುತ್ತ, "ನಾವು ಈ ಸಲ ಮಾಡಲಿಲ್ಲ. ಮಾಡೋ ಮನಸ್ಸಾಗಲಿಲ್ಲ," ಎಂದರು.

"ಏನಂತಾಳ?" ಎಂದು ಅವ್ವ.

"ಈ ಸಲ ಮಾಡಿಲ್ಲಂತ."

"ಯಾಕಂತ ಕೇಳು."

ನಾನು ಕೇಳಲಿಲ್ಲ. ಹೊರಗೆ ಬಿಸಿಲು ಚೆನ್ನಾಗಿದೆ ಎಂಬಂಥ ಏನೋ ಗುಜರಾತಿಯಲ್ಲಿ ಹೇಳಿದೆ. ಭಾಷೆ ಬರದಿದ್ದರೂ ಅವ್ವನಿಗೆ ತನ್ನ ಮಗ ಗೊತ್ತು. ಡಬ್ಬಿ ಪಕ್ಕಕ್ಕಿಟ್ಟಳು. "ಬಸೂ, ಮುಂದ ಬಾ," ಎಂದಳು. ಮುಂದೆ ಬಾಗಿದೆ. ಎಡಗೈಯಿಂದ ಗದ್ದ ಹಿಡಿದು, ಬಲಗೈ ಹೆಬ್ಬೆರಳಿನಿಂದ ನನ್ನ ಮೀಸೆಯನ್ನು ಪರದೆಯ ಹಾಗೆ ಮೇಲೆತ್ತಿದಳು.

"ನೋಡ್ರಿ ಅಕ್ಕಾರ, ಇವನೂ ಹಂಗ ಹುಟ್ಟಿದ್ದ."

ಇದಕ್ಕೆ ದುಭಾಷಿ ಬೇಕಾಗಲಿಲ್ಲ. ಕೋಕಿಲಾಬೆನ್ ಕನ್ನಡಕ ಹಾಕಿಕೊಂಡು ಬಾಗಿದರು. ಉಯ್ಯಾಲೆ ಮುಂದೆ ಬಂದು ಅವರ ಮೂಗು ನನ್ನ ಮೂಗಿಗೆ ತಾಗುವುದರಲ್ಲಿತ್ತು. ಅಷ್ಟರಲ್ಲಿ ಊಟಕ್ಕೆಂದು ಬಂದ ಮಹೇಶ್ ಚಪ್ಪಲಿ ಬಿಡುವುದನ್ನೂ ಮರೆತು ನಿಂತ. ಒಳಬಾಗಿಲಲ್ಲಿ ಹೇತಲ್, ಅವಳ ಹಿಂದೆ ಭಾವಿಕಾ. ಐವತ್ತರ ಹತ್ತಿರದ ಸರ್ಕಾರಿ ಅಧಿಕಾರಿ ದನದ ಸಂತೆಯಲ್ಲಿ ಹಲ್ಲು ತೋರಿಸುವ ಎತ್ತಿನಂತೆ ಮುಖ ಎತ್ತಿ ಕೂತಿದ್ದೆ. ಇಷ್ಟು ವರ್ಷ ಬಾಚಿ ಬಾಚಿ ಮುಚ್ಚಿದ್ದು ಮಕರಪುರದ ಒಂದು ಪಡಸಾಲೆಯಲ್ಲಿ ಬಟಾಬಯಲಾಯಿತು.

"ಹೊಲಿಗೆ ಚೆನ್ನಾಗಿ ಕೂತಿದೆ," ಎಂದರು ಕೋಕಿಲಾಬೆನ್, ದರ್ಜಿಯ ಕೆಲಸ ನೋಡಿದವರಂತೆ. ಹಿಂದಕ್ಕೆ ಸರಿದು ಕೂತು ಕೇಳಿದರು, "ನಿಮ್ಮ ಬಾನ ಕೇಳಿ ಸಾಹೇಬ್. ಅವರು ಏನು ಮಾಡಿದ್ರಂತೆ?"

ಉತ್ತರ ನನಗೆ ಗೊತ್ತಿತ್ತು: ಬದನೆಕಾಯಿ. ಆದರೂ ದುಭಾಷಿಯ ಕೆಲಸ ಮಾಡಬೇಕಲ್ಲ. "ಅವ್ವಾ, ಅವಾಗ ನೀ ಏನ್ ಮಾಡಿದ್ದಿ ಅಂತ ಕೇಳ್ತಾರ." ಮಕ್ಕಳ ತಾಯಂದಿರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಜೋಡಿಸಿ ಸಂಬಳ ತೆಗೆದುಕೊಳ್ಳುವ ನಾನು ನನ್ನ ತಾಯಿಗೆ ಈ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಏನ್ ಮಾಡ್ತಾರ? ಹಸದಿದ್ದೆ," ಎಂದಳು ಅವ್ವ.

ಕೂಸಿನ ಕಾಲು ಸವರುತ್ತ ಅವಳೇ ಮುಂದುವರಿಸಿದಳು.

"ಗಂಡಸರು ಉಂಡು, ಅತ್ತಿ ಉಂಡು, ನಾದಿನಿಗೋಳು ಉಂಡು, ನನ್ನ ಪಾಳಿ ಬರೂದ್ರಾಗ ಬುಟ್ಟ್ಯಾಗ ರೊಟ್ಟಿ ಇರತಿರಲಿಲ್ಲ. ಬಸರಾಗೇನಿ ಅಂತ ಹೇಳಾಕ ನಾಚಿಕಿ. ನೀರು ಕುಡದು ಮಲಗತಿದ್ದೆ. ಹೇಳು ಆಕಿಗೆ."

"ಮತ್ತ ಬದನಿಕಾಯಿ?"

"ಮನ್ಯಾಗ ಬದನಿಕಾಯಿ ಇದ್ರ ನಾ ಯಾಕ ಹಸದಿರತಿದ್ದೆ?"

ಹಸಿವಿನಿಂದಲೇ ನನ್ನ ತುಟಿ ಸೀಳಿತು ಎಂದು ನಾನು ಬರೆಯಲಾರೆ. ಒಬ್ಬಳ ಮಾತಿನಿಂದ ಯಾವ ಕಾರಣವೂ ಸಾಬೀತಾಗುವುದಿಲ್ಲ ಎಂದು ಓದಿದವನು, ಬೇರೆಯವರಿಗೆ ಕಲಿಸಿದವನು. ಆದರೆ ಆಗ ನನಗೆ ಬೇಕಾಗಿದ್ದದ್ದು ಕಾರಣವಲ್ಲ, ಅನುವಾದ. ಅದೂ ಬರಲಿಲ್ಲ. "ಖೋರಾಕ್ ಓಛೋ ಹತೋ" ಎಂದೆ; ಆಹಾರದ ಪ್ರಮಾಣ ಕಡಿಮೆಯಿತ್ತು. ನಮ್ಮ ವರದಿಗಳಲ್ಲಿ ಹಾಗೇ ಇರುತ್ತದೆ. ಹೆತ್ತವ್ವನ ಹೊಟ್ಟೆಯನ್ನು ಕಚೇರಿಯ ಮಾತಿನಲ್ಲಿ ಸುತ್ತಿ ಕೊಟ್ಟೆ.

"ಹಸಿದಿದ್ದರಾ?" ಎಂದು ನೇರವಾಗಿ ಕೇಳಿದರು ಕೋಕಿಲಾಬೆನ್.

ತಲೆಯಾಡಿಸಿದೆ. ಅವರು ಕಾಲು ನೆಲಕ್ಕೊತ್ತಿ ಉಯ್ಯಾಲೆ ನಿಲ್ಲಿಸಿದರು. ಚಿಂತೆಯ ಮನುಷ್ಯನಿಗೂ ಆಸೆಗಳಿರುತ್ತವೆ. ಈಗ ಇವರ ಕಣ್ಣಲ್ಲಿ ನೀರು ಬರುತ್ತದೆ, ತಾವು ಸೊಸೆಯಾಗಿದ್ದ ದಿನಗಳು ನೆನಪಾಗುತ್ತವೆ, ಅವ್ವನ ಕೈ ಹಿಡಿಯುತ್ತಾರೆ ಎಂದು ಕಾದೆ.

"ನಮ್ಮ ಮನೇಲಿ ಯಾರೂ ಹಸಿದಿಲ್ಲ ಸಾಹೇಬ್," ಎಂದರು ಕೋಕಿಲಾಬೆನ್. "ಅಂಥದ್ದೆಲ್ಲ ನಮ್ಮ ಹೆಸರಿನ ಮುಂದೆ ಬರೀಬೇಡಿ. ವಹು, ಇಲ್ಲಿ ಬಾ. ಕೂತ್ಕೋ."

ಭಾವಿಕಾ ಬಂದು ನೆಲದ ಮೇಲೆ ಕೂತಳು. ಕೋಕಿಲಾಬೆನ್ ಒಳಗೆ ಹೋಗಿ ದಾಲಿನ ಪಾತ್ರೆ, ತುಪ್ಪ ಸವರಿದ ರೊಟ್ಟಿ, ಬೆಲ್ಲ ತಂದರು. ಹೇತಲಳ ಚೀಲದಿಂದ ಎಲ್ಲಕ್ಕಿಂತ ದೊಡ್ಡ ಅಳತೆ ಬಟ್ಟಲನ್ನು ತಾವೇ ಎತ್ತಿಕೊಂಡರು.

"ಬಾ, ಅದು ಬರೀ ಅಳತೆಗೆ," ಎಂದಳು ಹೇತಲ್.

"ಅಳೀರಿ ಮತ್ತೆ." ಬಟ್ಟಲಿನ ಅಂಚಿನವರೆಗೆ ದಾಲ್ ಸುರಿದರು. ಪಕ್ಕದಲ್ಲಿ ಅವ್ವನ ಉಂಡಿ ಎರಡು ಇಟ್ಟರು. "ತಿನ್ನು. ಸಾಹೇಬರು ನೋಡಲಿ."

ಆ ಹುಡುಗಿ ತಲೆ ತಗ್ಗಿಸಿ ತಿನ್ನತೊಡಗಿದಳು. ನಾವೆಲ್ಲ ನೋಡುತ್ತಿದ್ದೆವು. ಅಗಿಯುವ ಸದ್ದು ಕೇಳದ ಹಾಗೆ ಅಗಿಯುತ್ತಿದ್ದಳು. ಆದರೆ ಹಸಿವು ಸುಳ್ಳು ಹೇಳುವುದಿಲ್ಲವಲ್ಲ; ಎರಡನೆಯ ರೊಟ್ಟಿಗೆ ಕೈ ತಾನಾಗಿ ಬೇಗಬೇಗ ಓಡಿತು. ಮಹೇಶ್ ಅದನ್ನು ನೋಡಿ ಹೊರಗಿನ ಓಣಿಯ ಕಡೆ ಮುಖ ತಿರುಗಿಸಿದ.

ಕೋಕಿಲಾಬೆನ್‌ರ ಕಣ್ಣು ನನ್ನ ಜೇಬಿನ ಪೆನ್ನಿನ ಮೇಲಿತ್ತು. ನಾವು ಯಾರ ಹೆಸರನ್ನೂ ಯಾರಿಗೂ ಕೊಡುವುದಿಲ್ಲ, ಯಾರ ಮೇಲೂ ಏನೂ ಬರೆಯುವುದಿಲ್ಲ, ನಮಗೆ ಅಂಥ ಅಧಿಕಾರವೇ ಇಲ್ಲ ಎಂದು ಹೇಳುವುದು ನನ್ನ ಕರ್ತವ್ಯವಾಗಿತ್ತು. ಹಾಗೆಂದರೆ ಭಾವಿಕಾ ಉತ್ತರಾಯಣದ ಮೊದಲೇ ಬೋಡೇಲಿಯ ಬಸ್ಸಿನಲ್ಲಿರುತ್ತಾಳೆ. ಪೆನ್ನು ತೆಗೆದೆ. ಕಾಗದದ ಮೇಲೆ ನಮ್ಮ ಮನೆಯ ವಿಳಾಸವನ್ನು, ಬೇರೇನೂ ತೋಚದೆ, ನಿಧಾನವಾಗಿ ಬರೆದೆ.

"ಮುಂದಿನ ತಿಂಗಳೂ ಬರ್ತೀವಿ, ಬೆನ್. ಅದರ ಮುಂದಿನ ತಿಂಗಳೂ. ತಾಯಿ, ಮಗು ಇಬ್ಬರೂ ಇದೇ ಮನೇಲಿ ಇರಬೇಕು. ಇಲ್ಲದಿದ್ದರೆ ಬರೀಬೇಕಾಗುತ್ತೆ."

ಜನ್ಮದಲ್ಲಿ ನಾನು ಹಾಕಿದ ಮೊದಲ ಸರ್ಕಾರಿ ಬೆದರಿಕೆ ಅದು. ದನಿ ನಡುಗಿತು, ಹೆದರಿಕೆ ಎಂದು ಅವರಿಗೆ ಗೊತ್ತಾಗಲಿಲ್ಲ, ಸಿಟ್ಟು ಎಂದುಕೊಂಡರು. ಕೋಕಿಲಾಬೆನ್ ಮಗನ ಕಡೆ ನೋಡಿದರು. ಮಹೇಶ್ ಓಣಿಯ ಕಡೆಯಿಂದ ಮುಖ ತಿರುಗಿಸದೆಯೇ, "ಇರಲಿ ಬಾ. ಇಲ್ಲೇ ಇರಲಿ," ಎಂದ.

ಆಟೋದಲ್ಲಿ ಅವ್ವ ಕೇಳಿದಳು, "ಕಡೀಕ ಏನಂದಿ ಆಕಿಗೆ?"

"ಹೆದರಿಸಿದೆ."

"ಚಲೋ ಆತು."

"ಚಲೋ ಏನವಾ, ಸುಳ್ಳು ಅದು. ನಾ ಹಂಗ ಹೇಳಬಾರದಿತ್ತು."

"ಉಂಡಳಿಲ್ಲೋ ಆಕಿ?"

ಮನೆ ಬಂತು. ಅವತ್ತು ಊಟಕ್ಕೆ ನನಗೆ ಬಡಿಸಿದರು, ನಾನು ಉಂಡೆ; ಸುಮಾ ಉಂಡಳು; ಎಲ್ಲ ಆದಮೇಲೆ ಅವ್ವ ಒಲೆಯ ಬಳಿ ತಟ್ಟೆ ಹಿಡಿದು ಕೂತಳು. ಇಷ್ಟು ವರ್ಷವೂ ಹೀಗೇ ನಡೆದಿತ್ತು ಎಂದು ಆಗ ಗಮನಿಸಿದೆ. ಮರುದಿನ ಮೊದಲು ನೀನೇ ಕೂಡು ಎಂದು ಹಟ ಹಿಡಿದೆ. ಕೂತಳು, ಎರಡು ತುತ್ತು ತಿಂದು, "ಹಿಂಗ ಮುಂದ ನಿಂತು ನೋಡಬ್ಯಾಡ, ನುಂಗಾಕ ಆಗೂದಿಲ್ಲ," ಎಂದು ಎದ್ದುಬಿಟ್ಟಳು. ನಾನೂ ಒಬ್ಬ ಕೋಕಿಲಾಬೆನ್ ಆದೆನಲ್ಲ ಎನಿಸಿತು. ಆಮೇಲೆ ಎಲ್ಲರೂ ಒಟ್ಟಿಗೆ ಕೂಡತೊಡಗಿದೆವು, ಆದರೂ ಕೊನೆಯ ರೊಟ್ಟಿಯನ್ನು ಅವ್ವ ಯಾರದಾದರೂ ತಟ್ಟೆಗೆ ಹಾಕಿಯೇ ಹಾಕುತ್ತಿದ್ದಳು.

ಭಾವಿಕಾ ಉತ್ತರಾಯಣಕ್ಕೆ ಅಲ್ಲೇ ಇದ್ದಳು. ಮಹಡಿಯ ಮೇಲೆ ಕೂಸನ್ನು ಎತ್ತಿಕೊಂಡು ನಿಂತದ್ದನ್ನು ಹೇತಲ್ ನೋಡಿ ಬಂದು ಹೇಳಿದಳು. ನಾನು ಭಾವಿಕಾಳ ಉತ್ತರಗಳನ್ನು ನಮ್ಮ ಲೆಕ್ಕದಿಂದ ತೆಗೆದುಹಾಕಿದೆ. ಸಂಶೋಧಕನೇ ನಡುವೆ ಕೈಹಾಕಿ ಕೆಡಿಸಿದ ಮಾಹಿತಿ ಅದು. ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು, "ಇನ್ನು ಮುಂದೆ ಮೂರೂ ಊರಿನಲ್ಲಿ ತಾಯಂದಿರನ್ನು ಒಳಗಿನ ಕೋಣೆಯಲ್ಲಿ ಒಬ್ಬರನ್ನೇ ಕೇಳಬೇಕು. ಮತ್ತು ನೀವು ಮನೆಗಳಿಗೆ ಹೋಗಬೇಡಿ," ಎಂದರು. ಎರಡೂ ಸರಿಯಾದ ಆದೇಶಗಳು.

ಚಳಿ ಬಿಟ್ಟು ಬಿಸಿಲು ಏರುವ ಹೊತ್ತಿಗೆ ಕೂಸಿಗೆ ತೂಕ ಬಂತು, ತುಟಿ ಹೊಲಿದರು. ಆಸ್ಪತ್ರೆಯ ಕೆಲಸಕ್ಕೆಂದು ಹೋಗಿದ್ದ ನಾನು ವಾರ್ಡಿನ ಮುಂದೆ ಹಾಯುವಾಗ ಬೆಂಚಿನ ಮೇಲೆ ಅತ್ತೆ ಸೊಸೆ ಕೂತಿದ್ದರು. ಕೂಸು ನಿದ್ದೆಯಲ್ಲಿತ್ತು, ಮೂಗಿನ ಕೆಳಗೆ ಪಟ್ಟಿ. ಕಾಣದವನಂತೆ ಹೋಗಿಬಿಡೋಣ ಎಂದುಕೊಂಡೆ. ಕೋಕಿಲಾಬೆನ್ ನೋಡಿಬಿಟ್ಟರು. ನಮಸ್ಕಾರವನ್ನೂ ಹೇಳದೆ ಅವಸರವಸರವಾಗಿ ಚೀಲದಿಂದ ಡಬ್ಬಿ ತೆಗೆದು, ಥೇಪ್ಲಾ ಎಂಬ ಮೆಂತ್ಯದ ರೊಟ್ಟಿಯೊಂದನ್ನು ಸುರುಳಿ ಸುತ್ತಿ ಸೊಸೆಯ ಕೈಗಿತ್ತರು.

"ತಿನ್ನು, ತಿನ್ನು. ಸಾಹೇಬ್ ಬಂದಿದ್ದಾರೆ."

ಭಾವಿಕಾ ಬಾಯಿಗಿಟ್ಟಳು. ಕೋಕಿಲಾಬೆನ್ ನೀರು ತರಲು ಎದ್ದು ಹೋದರು. ನಾನು ಕೈಯಲ್ಲಿದ್ದ ಪೆನ್ನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದೆ. ಅವಳು ಬಾಯಲ್ಲಿದ್ದದ್ದನ್ನು ನಿಧಾನವಾಗಿ ನುಂಗಿ, ಅತ್ತೆ ಹೋದ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ನನಗೆ ಹೇಳಿದ ಮಾತು ಒಂದೇ.

"ಸಾಹೇಬ್, ದಿನಾ ಬರ್ತಾ ಇರಿ."